ಪದ ಪರಿಚಯ: ಕಾರ್ನಿಸ್

ತುಮಕೂರಿನ ಹೊಸ ಬಡಾವಣೆಗಳಲ್ಲಿ ಗೃಹಪ್ರವೇಶಕ್ಕೆ ಹೋದವರು ತಲೆ ಎತ್ತಿ ನೋಡಿದರೆ ಹಾಲ್‌ನ ಸುತ್ತಲೂ ಎಲೆ, ಸುರುಳಿಗಳ ಬಿಳಿ ಪಟ್ಟಿ ಕಾಣುವುದುಂಟು. ಗೋಡೆಯೂ ಚಾವಣಿಯೂ ಸೇರುವಲ್ಲಿ ಓಡುವ ಈ ಉಬ್ಬು ಪಟ್ಟಿಯೇ ಕಾರ್ನಿಸ್. ಅಂದಕ್ಕಷ್ಟೇ ಅಲ್ಲದೆ ಇದಕ್ಕೊಂದು ಕೆಲಸವೂ ಇದೆ. ಕಾಂಕ್ರೀಟ್ ಚಾವಣಿ ಬಿಸಿಲಿಗೆ ಹಿಗ್ಗಿ ಕುಗ್ಗುವಾಗ ಆ ಸಂದಿಯಲ್ಲಿ ಮೂಡುವ ಸಣ್ಣ ಬಿರುಕುಗಳನ್ನು ಅದು ಮರೆಮಾಡುತ್ತದೆ.

ವಸ್ತು ಪ್ಲಾಸ್ಟರ್ ಆಫ್ ಪ್ಯಾರಿಸ್, ಕೆಲಸಗಾರರ ಬಾಯಲ್ಲಿ ಪಿಒಪಿ. ಜಿಪ್ಸಂ ಖನಿಜವನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಅದರೊಳಗಿನ ನೀರಿನ ಮುಕ್ಕಾಲು ಪಾಲು ಹೊರಟುಹೋಗುತ್ತದೆ. ಆ ಪುಡಿಗೆ ಮತ್ತೆ ನೀರು ಸೇರಿದರೆ ಸೂಜಿಯಂಥ ಹರಳುಗಳು ಹೆಣೆದುಕೊಂಡು ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ, ಮುಟ್ಟಿದರೆ ಬಿಸಿ ತಾಗುತ್ತದೆ. ಗಟ್ಟಿಯಾಗುವಾಗ ಅದು ತುಸು ಹಿಗ್ಗುವುದರಿಂದ ಅಚ್ಚಿನ ಸಣ್ಣ ಗೆರೆಯೂ ಎರಕದಲ್ಲಿ ಸ್ಪಷ್ಟವಾಗಿ ಮೂಡುತ್ತದೆ.

ಕೈಚಳಕ ಬೇಕಾಗುವುದು ಎರಕಕ್ಕೂ ಮೊದಲು, ಮೂಲ ಮಾದರಿಯಲ್ಲಿ. ಪಟ್ಟಿಯ ಅಡ್ಡಕೊಯ್ತದ ಆಕಾರಕ್ಕೆ ತಗಡನ್ನು ಕತ್ತರಿಸಿ ಮರದ ಹಲಗೆಗೆ ಹೊಡೆಯುತ್ತಾರೆ. ಮೇಜಿನ ಮೇಲೆ ಸುರಿದ ಪಿಒಪಿ ಮೆತ್ತಗಿರುವಾಗಲೇ ಈ ತಗಡನ್ನು ಅದರ ಮೇಲೆ ಮತ್ತೆ ಮತ್ತೆ ಎಳೆದರೆ ನೇರ ಏಣುಗಳು ಏಳುತ್ತವೆ. ಎಲೆಬಳ್ಳಿ ಬೇಕಿದ್ದರೆ ಅದರ ಮೇಲೆ ಜೇಡಿಮಣ್ಣಿನಲ್ಲಿ ತಿದ್ದಬೇಕು. ತುಂಡಿನ ಒಂದು ತುದಿಯ ಬಳ್ಳಿ ಮುಂದಿನ ತುಂಡಿನ ಬಳ್ಳಿಗೆ ಕೂಡಿಕೊಳ್ಳಬೇಕು. ಈ ಲೆಕ್ಕ ತಪ್ಪಿದರೆ ಪ್ರತಿ ಜೋಡಣೆಯಲ್ಲೂ ಎಲೆ ತುಂಡಾದಂತೆ ಕಾಣುತ್ತದೆ.

ಚಾವಣಿಯ ಶಿಲ್ಪ ಈ ಸೀಮೆಗೆ ಹೊಸದೇನಲ್ಲ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯದಲ್ಲಿ, 9ನೇ ಶತಮಾನದ ನೊಳಂಬರ ಕಾಲದ ಭುವನೇಶ್ವರಿಯಲ್ಲಿ, ಅಂದರೆ ಕೆತ್ತನೆಯ ಒಳಚಾವಣಿಯಲ್ಲಿ, ನರ್ತಿಸುವ ಶಿವನ ಸುತ್ತ ಅಷ್ಟದಿಕ್ಪಾಲಕರಿದ್ದಾರೆ. ಅಲ್ಲಿ ಕಲ್ಲನ್ನು ಕೆತ್ತಿ ತೆಗೆಯುತ್ತ ರೂಪ ಬಿಡಿಸಿದ್ದಾರೆ; ಏಟು ತಪ್ಪಿದರೆ ತಿದ್ದುವಂತಿಲ್ಲ. ಮಣ್ಣಿನ ಮಾದರಿಯನ್ನು ತಿದ್ದಬಹುದು, ಒಂದೇ ಅಚ್ಚಿನಿಂದ ಊರಿನ ಮನೆಗಳನ್ನೆಲ್ಲ ಸಿಂಗರಿಸಬಹುದು. ಈ ಸಲೀಸಿನ ಬೆಲೆಯನ್ನೂ ನೋಡುತ್ತಿದ್ದೇವೆ: ತಯಾರಿ ಅಚ್ಚುಗಳಲ್ಲಿ ಬಹುಪಾಲು ಯುರೋಪಿನ ಅಕ್ಯಾಂಥಸ್ ಎಲೆಯೇ. ಮಾವಿನ ತೋರಣ ಕಟ್ಟುವ ಮನೆಗೆ ಮಾವಿನೆಲೆಯ ಮಾದರಿ ತಿದ್ದಿಸಲು ಯಾರಿಗೂ ತೋಚದಿರುವುದು ನನಗೆ ಸೋಜಿಗ.

ಮಾದರಿಯ ಮೇಲೆ ರಬ್ಬರ್ ಸುರಿದು ಅಚ್ಚು ತೆಗೆಯುತ್ತಾರೆ. ಎಲೆಯ ತುದಿ ಒಳಕ್ಕೆ ಬಾಗಿದ್ದರೆ ಗಡಸು ಅಚ್ಚಿನಲ್ಲಿ ಎರಕ ಸಿಕ್ಕಿಕೊಳ್ಳುತ್ತದೆ. ರಬ್ಬರನ್ನು ಮಡಿಸಿ ಸುಲಿದು ತೆಗೆಯಬಹುದು. ಎರಕಕ್ಕೆ ಪುಡಿಯನ್ನು ನೀರಿಗೆ ಉದುರಿಸಬೇಕು, ಪುಡಿಗೆ ನೀರು ಸುರಿದರೆ ಗಂಟು ಕಟ್ಟುತ್ತದೆ. ಮೊದಲ ತೆಳು ಪದರವನ್ನು ಗಾಳಿಗುಳ್ಳೆ ಉಳಿಯದಂತೆ ಕುಂಚದಲ್ಲಿ ಬಳಿದು, ಮೇಲೆ ನಾರು ಹಾಸಿ ಇನ್ನೊಂದು ಪದರ ಕೊಡುತ್ತಾರೆ. ಗೋಣಿಬಟ್ಟೆ ಸೇರಿಸಿ ಹಗುರಾದ ತುಂಡು ಎರೆಯುವ ವಿಧಾನಕ್ಕೆ ಇಂಗ್ಲೆಂಡಿನಲ್ಲಿ 1856ರಲ್ಲಿ ದೆಸಾಶಿ ಎಂಬ ಫ್ರೆಂಚ್ ಕುಶಲಕರ್ಮಿ ಪೇಟೆಂಟ್ ಪಡೆದ. ನಮ್ಮಲ್ಲಿ ಆ ಕೆಲಸಕ್ಕೆ ತೆಂಗಿನ ನಾರು ಒದಗುತ್ತದೆ; ತಿಪಟೂರಿನ ಜಿಲ್ಲೆಯಲ್ಲಿ ಅದಕ್ಕೇನು ಬರ!

ಒಣಗಿದ ತುಂಡುಗಳನ್ನು ಮೂಲೆಗಳಲ್ಲಿ ಓರೆಯಾಗಿ ಕೊಯ್ದು ಕೂರಿಸಿ, ಸಂದುಗಳಿಗೆ ಪಿಒಪಿ ತುಂಬುತ್ತಾರೆ. ಜಿಪ್ಸಂ ನೀರಿನಲ್ಲಿ ಅಲ್ಪಸ್ವಲ್ಪ ಕರಗುವ ವಸ್ತು, ಬಚ್ಚಲಿಗೆ ಸಲ್ಲದು. ಚಾವಣಿ ಸೋರುತ್ತದೆಯೇ ಎಂಬುದನ್ನು ಒಂದು ಮಳೆಗಾಲ ನೋಡಿಕೊಂಡು ಕಾರ್ನಿಸ್ ಹಾಕಿಸುವುದು ಜಾಣತನ.