ಕೈಬಿಟ್ಟ ನ್ಯೂಟ್ರಾನ್‌ಗಳ ಲೆಕ್ಕ

ವಸ್ತುವಿನ ಮೂಲಕ ನ್ಯೂಟ್ರಾನ್‌ಗಳನ್ನು ಹಾಯಿಸಿ, ಅವು ಚದುರುವ ರೀತಿಯಿಂದ ಒಳರಚನೆಯನ್ನು ತಿಳಿಯುವ ನ್ಯೂಟ್ರಾನ್ ಚದುರಿಕೆಯ ಉಪಕರಣವೊಂದನ್ನು ರೂಪಿಸಲು ಕುಳಿತಾಗ ಸಂಶೋಧಕರು ಸಾಮಾನ್ಯವಾಗಿ ಮೊದಲು ಕೇಳುವುದು, ಮಾದರಿಯ ಮೇಲೆ ಸೆಕೆಂಡಿಗೆ ಎಷ್ಟು ನ್ಯೂಟ್ರಾನ್‌ಗಳು ಬೀಳುತ್ತವೆ ಎಂದು. ಅದಕ್ಕೆ ಉತ್ತರ ಕೊಡುವ ಮೊದಲು ವಿನ್ಯಾಸಕಾರರು ಅವರಿಂದ ತಿಳಿದುಕೊಳ್ಳಬೇಕಾದದ್ದು ಒಂದಿದೆ: ಅವರು ತಮ್ಮ ವಸ್ತುವಿನೊಳಗೆ ಅಳೆಯಬೇಕೆಂದಿರುವ ಅತ್ಯಂತ ದೊಡ್ಡ ರಚನೆ ಯಾವ ಗಾತ್ರದ್ದು? ಉಕ್ಕಿನೊಳಗೆ ಬೆಳೆಯುವ ಕಾರ್ಬೈಡ್ ಕಣಗಳು, ಸಾಬೂನಿನ ನೀರಿನಲ್ಲಿ ಅಣುಗಳು ಗುಂಪುಗೂಡಿ ಕಟ್ಟಿಕೊಳ್ಳುವ ಮೈಸೆಲ್‌ಗಳು, ಪಾಲಿಮರ್ ಸರಪಳಿಗಳ ಸುರುಳಿಗಳು, ಇವೆಲ್ಲ ಸುಮಾರು 1ರಿಂದ ಕೆಲವು ನೂರು ನ್ಯಾನೊಮೀಟರ್ ವ್ಯಾಪ್ತಿಯಲ್ಲಿ ಬರುತ್ತವೆ. ಇವನ್ನು ಅಳೆಯುವ ಸಣ್ಣ ಕೋನದ ಚದುರಿಕೆ ಉಪಕರಣವನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ರಿಯಾಕ್ಟರ್ ಕೊಡುವ ನ್ಯೂಟ್ರಾನ್‌ಗಳಲ್ಲಿ ಬಹುಪಾಲನ್ನು ನಾವೇ ಬೇಕೆಂದು ಕೈಬಿಡುವ ಉಪಕರಣವಿದು. ಎಲ್ಲಿ, ಎಷ್ಟು ಕೈಬಿಡಬೇಕೆಂಬ ತೀರ್ಮಾನಗಳೇ ಇದರ ವಿನ್ಯಾಸ.

ಮೂಲ ಲೆಕ್ಕ ಸರಳವಾದದ್ದು. ಚದುರುವ ಕೋನವು (ರೇಡಿಯನ್‌ಗಳಲ್ಲಿ) ಸ್ಥೂಲವಾಗಿ ತರಂಗಾಂತರವನ್ನು ರಚನೆಯ ಗಾತ್ರದಿಂದ ಭಾಗಿಸಿದಷ್ಟಿರುತ್ತದೆ. 6 ಆಂಗ್‌ಸ್ಟ್ರಾಮ್ (ಅಂದರೆ 0.6 ನ್ಯಾನೊಮೀಟರ್) ತರಂಗಾಂತರದ ನ್ಯೂಟ್ರಾನ್, 50 ನ್ಯಾನೊಮೀಟರ್ ರಚನೆಯಿಂದ ಸುಮಾರು 0.7 ಡಿಗ್ರಿಯಷ್ಟು ಮಾತ್ರ ವಾಲುತ್ತದೆ. 10 ಮೀಟರ್ ದೂರದಲ್ಲಿಟ್ಟ ಡಿಟೆಕ್ಟರ್ ಮೇಲೆ ಅದು ಕೇಂದ್ರದಿಂದ 12 ಸೆಂಟಿಮೀಟರ್ ಆಚೆ ಬೀಳುತ್ತದೆ. ಇದೇ ಅಂತರದಲ್ಲಿ 500 ನ್ಯಾನೊಮೀಟರ್ ರಚನೆಯನ್ನು ನೋಡಹೊರಟರೆ 12 ಮಿಲಿಮೀಟರ್ ಮಾತ್ರ ಉಳಿಯುತ್ತದೆ, ಅಂದರೆ ಅದು ಬಹುಮಟ್ಟಿಗೆ ನೇರ ಕಿರಣದೊಳಗೇ ಮುಚ್ಚಿಹೋಗುತ್ತದೆ. ಹೀಗಾಗಿ ನ್ಯೂಟ್ರಾನ್‌ಗಳು ಸಾಗುವ ನಿರ್ವಾತ ಕೊಳವೆಯನ್ನು ಉದ್ದ ಮಾಡಬೇಕು, ಕಿರಣವನ್ನು ಕಿರಿದಾಗಿಸಬೇಕು. ಕಿರಿದಾಗಿಸುವುದಕ್ಕೆ ತೆರಬೇಕಾದ ಬೆಲೆ ಮಾತ್ರ ಬಹಳ ಹೆಚ್ಚು. ನ್ಯೂಟ್ರಾನ್ ಮೂಲದ ಕಡೆಯ ರಂಧ್ರ ಮತ್ತು ಮಾದರಿಯ ಮುಂದಿನ ರಂಧ್ರ, ಎರಡರ ವ್ಯಾಸವನ್ನೂ ಅರ್ಧಕ್ಕೆ ಇಳಿಸಿದರೆ ಕೋನದ ಸ್ಪಷ್ಟತೆ ಎರಡು ಪಟ್ಟು ಆಗುತ್ತದೆ, ನ್ಯೂಟ್ರಾನ್‌ಗಳ ಸಂಖ್ಯೆ ಹದಿನಾರನೇ ಒಂದು ಭಾಗಕ್ಕೆ ಕುಸಿಯುತ್ತದೆ. ಒಂದು ಗಂಟೆಯಲ್ಲಿ ಮುಗಿಯುತ್ತಿದ್ದ ಪ್ರಯೋಗಕ್ಕೆ ಹದಿನಾರು ಗಂಟೆ ಬೇಕಾಗುತ್ತದೆ. ಅನಗತ್ಯ ಸ್ಪಷ್ಟತೆಯನ್ನು ಕೇಳುವ ಸಂಶೋಧಕರಿಗೆ ನಾನು ಈ ಲೆಕ್ಕವನ್ನೇ ಮುಂದಿಡುತ್ತೇನೆ.

ಎರಡನೆಯ ತೀರ್ಮಾನ ತರಂಗಾಂತರದ ಆಯ್ಕೆಯದು, ಮತ್ತು ಅದು ಮೂಲವನ್ನು ಅವಲಂಬಿಸಿದೆ. ಟ್ರಾಂಬೆಯಲ್ಲಿ 1985ರಿಂದ ಇರುವ ಧ್ರುವ ರಿಯಾಕ್ಟರ್‌ನ ಸಾಮರ್ಥ್ಯ 100 ಮೆಗಾವಾಟ್. ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಲಾವೆ-ಲಾಂಜ್ವಾಂ ಸಂಸ್ಥೆಯ ರಿಯಾಕ್ಟರ್‌ನದು ಸುಮಾರು 58 ಮೆಗಾವಾಟ್. ಆದರೂ ಅಲ್ಲಿನ ನ್ಯೂಟ್ರಾನ್ ಸಾಂದ್ರತೆ ಧ್ರುವದ್ದಕ್ಕಿಂತ ಸುಮಾರು ಎಂಟು ಪಟ್ಟು ಹೆಚ್ಚು. ಧ್ರುವದ ಗರ್ಭದಲ್ಲಿ, ಅಂದರೆ ಇಂಧನವಿರುವ ಒಡಲಿನಲ್ಲಿ, ಇರುವುದು ನೈಸರ್ಗಿಕ ಯುರೇನಿಯಂ ಆದ್ದರಿಂದ ಆ ಗರ್ಭ ಸಹಜವಾಗಿಯೇ ದೊಡ್ಡದು. ಗ್ರೆನೋಬಲ್‌ನಲ್ಲಿ ಹೆಚ್ಚು ಸಮೃದ್ಧಗೊಳಿಸಿದ ಯುರೇನಿಯಂನ ಒಂದೇ ಪುಟ್ಟ ಇಂಧನ ಘಟಕವಿದೆ, ಹಾಗಾಗಿ ನ್ಯೂಟ್ರಾನ್‌ಗಳು ಕಿರಿದಾದ ಜಾಗದಲ್ಲಿ ದಟ್ಟವಾಗಿರುತ್ತವೆ. ಅಲ್ಲಿ 1972ರಿಂದ ನಡೆಯುತ್ತಿರುವ ಡಿ-11 ಉಪಕರಣವು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ, ಓರೆಯಾದ ಸೀಳುಗಳಿರುವ ಉರುಳೆಯೊಂದರಿಂದ ತರಂಗಾಂತರವನ್ನು ಆರಿಸಿಕೊಳ್ಳುತ್ತದೆ: ಸೀಳಿನ ಓರೆಗೆ ಹೊಂದುವ ವೇಗದ ನ್ಯೂಟ್ರಾನ್ ಪಾರಾಗುತ್ತದೆ, ಉಳಿದವು ಗೋಡೆಗೆ ತಾಗಿ ಹೀರಲ್ಪಡುತ್ತವೆ. ಧ್ರುವದ ಸಣ್ಣ ಕೋನದ ಉಪಕರಣದಲ್ಲಿ ಈ ಕೆಲಸವನ್ನು ಬೆರಿಲಿಯಂ ಆಕ್ಸೈಡ್‌ನ ಒಂದು ದಿಮ್ಮಿ ಮಾಡುತ್ತದೆ. ಅದರ ಸೂಕ್ಷ್ಮ ಹರಳುಗಳು ಸುಮಾರು 4.7 ಆಂಗ್‌ಸ್ಟ್ರಾಮ್‌ಗಿಂತ ಕಡಿಮೆ ತರಂಗಾಂತರದ ನ್ಯೂಟ್ರಾನ್‌ಗಳನ್ನು ಚದುರಿಸಿ ಹೊರದೂಡುತ್ತವೆ. ಉದ್ದನೆಯ ತರಂಗಾಂತರದ ಕಡೆಗೆ ರಿಯಾಕ್ಟರ್‌ನ ಪೂರೈಕೆ ತಾನಾಗಿಯೇ ಬೇಗ ಇಳಿದುಬಿಡುತ್ತದೆ. ಹೀಗೆ ಎರಡು ಬದಿಯ ಇಳಿಜಾರುಗಳ ನಡುವೆ ಉಳಿಯುವ ಕಿರಣದ ಸರಾಸರಿ ತರಂಗಾಂತರ 5.2 ಆಂಗ್‌ಸ್ಟ್ರಾಮ್. ತಿರುಗುವ ಭಾಗವಿಲ್ಲ, ಕೆಟ್ಟುಹೋಗುವ ಬೇರಿಂಗ್ ಇಲ್ಲ, ನ್ಯೂಟ್ರಾನ್‌ಗಳ ನಷ್ಟವೂ ಕಡಿಮೆ. ತರಂಗಾಂತರವನ್ನು ಬದಲಿಸಲಾಗದು ಎಂಬ ಮಿತಿಯನ್ನು ಒಪ್ಪಿಕೊಂಡರೆ, ಸಾಧಾರಣ ತೀವ್ರತೆಯ ಮೂಲಕ್ಕೆ ಇದಕ್ಕಿಂತ ಹಿತಮಿತವಾದ ಪರಿಹಾರ ನನಗೆ ತೋಚುವುದಿಲ್ಲ.

ಉದ್ದನೆಯ ತರಂಗಾಂತರಗಳಿಗೆ ಹೋದಂತೆ ಗುರುತ್ವಾಕರ್ಷಣೆಯೂ ಲೆಕ್ಕಕ್ಕೆ ಬರುತ್ತದೆ. 6 ಆಂಗ್‌ಸ್ಟ್ರಾಮ್ ನ್ಯೂಟ್ರಾನ್‌ನ ವೇಗ ಸೆಕೆಂಡಿಗೆ ಸುಮಾರು 660 ಮೀಟರ್. 20 ಮೀಟರ್ ಸಾಗುವಷ್ಟರಲ್ಲಿ ಅದು ನಾಲ್ಕೂವರೆ ಮಿಲಿಮೀಟರ್ ಕೆಳಗೆ ಬೀಳುತ್ತದೆ. 20 ಆಂಗ್‌ಸ್ಟ್ರಾಮ್‌ನದು ಅಷ್ಟೇ ದೂರದಲ್ಲಿ ಐದು ಸೆಂಟಿಮೀಟರ್ ಇಳಿದಿರುತ್ತದೆ. ವೇಗಗಳಲ್ಲಿ ಸ್ವಲ್ಪ ವ್ಯತ್ಯಾಸವಿರುವುದರಿಂದ ಬಿಂದುವಿನಂತಿರಬೇಕಾದ ಕಿರಣ ಲಂಬವಾಗಿ ಹಿಗ್ಗುತ್ತದೆ. ನೇರ ಕಿರಣವನ್ನು ತಡೆಯುವ ಫಲಕವನ್ನು ತರಂಗಾಂತರಕ್ಕೆ ತಕ್ಕಂತೆ ಮೇಲೆ ಕೆಳಗೆ ಸರಿಸುವ ಮೋಟಾರನ್ನು ಮೊದಲೇ ಇಟ್ಟುಕೊಳ್ಳುವುದು ಒಳ್ಳೆಯದು.

ನನ್ನ ಅಭಿಪ್ರಾಯದಲ್ಲಿ ಉಪಕರಣದ ನಿಜವಾದ ಗುಣ ನಿರ್ಧಾರವಾಗುವುದು ತೀವ್ರತೆಯಿಂದಲ್ಲ, ಹಿನ್ನೆಲೆ ಎಣಿಕೆಯಿಂದ. ಚದುರಿದ ನ್ಯೂಟ್ರಾನ್‌ಗಳು ಬೆರಳೆಣಿಕೆಯಷ್ಟಿದ್ದಾಗ ದಾರಿ ತಪ್ಪಿ ಬಂದವು ಹತ್ತೇ ಆದರೂ ಫಲಿತಾಂಶ ಕೆಡುತ್ತದೆ. ರಿಯಾಕ್ಟರ್‌ನಿಂದ ಬರುವ ವೇಗದ ನ್ಯೂಟ್ರಾನ್‌ಗಳೂ ಗಾಮಾ ಕಿರಣಗಳೂ ನೇರವಾಗಿ ತಲುಪದಂತೆ, ನಿಕಲ್ ಮತ್ತು ಟೈಟಾನಿಯಂ ಪದರಗಳ ಕನ್ನಡಿ ಕೊಳವೆಯನ್ನು ನಿಧಾನವಾಗಿ ಬಾಗಿಸಲಾಗುತ್ತದೆ. ಬೇಕಾದ ನಿಧಾನಗತಿಯ ನ್ಯೂಟ್ರಾನ್‌ಗಳು ಗೋಡೆಗೆ ತಾಗಿ ತಾಗಿ ಬಾಗು ಹಿಡಿಯುತ್ತವೆ, ಉಳಿದವು ಗೋಡೆಯನ್ನು ತೂರಿ ಕಾಂಕ್ರೀಟಿಗೆ ಹೋಗುತ್ತವೆ. ಆಮೇಲಿನದೆಲ್ಲ ಸಣ್ಣಪುಟ್ಟ ಕೆಲಸ, ಆದರೆ ಅದನ್ನು ಬಿಟ್ಟರೆ ಮೇಲಿನ ಶ್ರಮವೆಲ್ಲ ನೀರುಪಾಲು. ರಂಧ್ರದ ಅಂಚು ದಪ್ಪವಾಗಿದ್ದರೆ ಅಂಚಿನಿಂದಲೇ ನ್ಯೂಟ್ರಾನ್‌ಗಳು ಚದುರುತ್ತವೆ, ಆದ್ದರಿಂದ ಅದನ್ನು ಚಾಕುವಿನ ಬಾಯಿಯಂತೆ ತೆಳುವಾಗಿಸಬೇಕು. ನಿರ್ವಾತ ಕೊಳವೆಯ ಕಿಟಕಿಗೆ ಅಲ್ಯೂಮಿನಿಯಂ ಅಗ್ಗ, ಆದರೆ ಅದರೊಳಗಿನ ಸೂಕ್ಷ್ಮ ರಚನೆಯೇ ಸಣ್ಣ ಕೋನಗಳಲ್ಲಿ ಚದುರಿಸುತ್ತದೆ. ಮಾದರಿಯ ಹತ್ತಿರದ ಕಿಟಕಿಗೆ ನೀಲಮಣಿಯ ಅಥವಾ ಸಿಲಿಕಾನ್‌ನ ಏಕಹರಳು ಮೇಲು. ನೇರ ಕಿರಣವನ್ನು ತಡೆಯಲು ಕ್ಯಾಡ್ಮಿಯಂ ಹಚ್ಚಿದರೆ ಅದು ನ್ಯೂಟ್ರಾನನ್ನು ನುಂಗಿ ಗಾಮಾ ಕಿರಣ ಉಗುಳುತ್ತದೆ. ಲಿಥಿಯಂ-6ರಲ್ಲಿ ಆ ಕಾಟ ಬಹಳ ಕಡಿಮೆ. 1998ರಲ್ಲಿ ಡೆನ್ಮಾರ್ಕಿನ ರಿಸೊ ಪ್ರಯೋಗಾಲಯದಿಂದ ಹೊರಬಂದ ಮ್ಯಾಕ್‌ಸ್ಟಾಸ್ ತಂತ್ರಾಂಶದಲ್ಲಿ ಇಡೀ ಉಪಕರಣವನ್ನು ಕಂಪ್ಯೂಟರಿನಲ್ಲೇ ಕಟ್ಟಿ ನೋಡಬಹುದು. ಬೇಕಾದ ಸಂಕೇತವನ್ನು ಅದು ಚೆನ್ನಾಗಿ ಅಂದಾಜಿಸುತ್ತದೆ. ಗೋಡೆ, ತಿರುಪು, ಕಿಟಕಿಗಳಿಂದ ಬರುವ ಹಿನ್ನೆಲೆಯ ಬಗ್ಗೆ ಅದರ ಚೆಂದದ ಚಿತ್ರಗಳನ್ನು ನಂಬಿ ಕೂರಬಾರದು.

ಹಿನ್ನೆಲೆಯ ಇನ್ನೊಂದು ಪಾಲು ಮಾದರಿಯೇ ತರುವಂಥದ್ದು. ಹೈಡ್ರೋಜನ್ ಎಲ್ಲ ದಿಕ್ಕಿಗೂ ಸಮನಾಗಿ ಚದುರಿಸುವುದರಿಂದ, ಸಾಮಾನ್ಯ ನೀರಿನ ದ್ರಾವಣಕ್ಕೆ 1 ಮಿಲಿಮೀಟರ್ ದಪ್ಪದ ಕ್ವಾರ್ಟ್ಸ್ ಕೋಶವನ್ನು ಬಳಸುತ್ತಾರೆ, ಹೈಡ್ರೋಜನ್ ಬದಲು ಡ್ಯೂಟೀರಿಯಂ ಇರುವ ಭಾರಜಲಕ್ಕೆ 2 ಮಿಲಿಮೀಟರಿನದು ನಡೆಯುತ್ತದೆ. ಎರಡು ನೀರುಗಳನ್ನೂ ಹದವಾಗಿ ಬೆರೆಸಿದರೆ ದ್ರಾವಣದ ಒಂದು ಘಟಕವನ್ನು ನ್ಯೂಟ್ರಾನ್‌ಗಳಿಗೆ ಕಾಣದಂತೆ ಮಾಡಬಹುದು: ಸುಮಾರು 40 ಶೇಕಡ ಭಾರಜಲದಲ್ಲಿ ಪ್ರೋಟೀನ್ ಮರೆಯಾಗುತ್ತದೆ. ಈ ಸೌಲಭ್ಯ ಬೇಕೆಂದರೆ ಹಲವು ಕೋಶಗಳನ್ನು ಒಂದೇ ಉಷ್ಣತೆಯಲ್ಲಿ ಹಿಡಿದು ಸರದಿಯಂತೆ ಕಿರಣದೆದುರು ನಿಲ್ಲಿಸುವ ಚೌಕಟ್ಟಿಗೆ ಮೊದಲ ನಕ್ಷೆಯಲ್ಲೇ ಜಾಗ ಬಿಡಬೇಕು.

ಡಿಟೆಕ್ಟರ್‌ಗೆ ಬಹುಕಾಲ ಹೀಲಿಯಂ-3 ಅನಿಲವೇ ರೂಢಿಯಲ್ಲಿತ್ತು. ಅದು ಹೈಡ್ರೋಜನ್‌ನ ವಿಕಿರಣಶೀಲ ರೂಪವಾದ ಟ್ರಿಟಿಯಂ ಕ್ಷಯಿಸುವಾಗ ಸಿಗುವ ಉಪೋತ್ಪನ್ನ. 2009ರ ಹೊತ್ತಿಗೆ ಜಗತ್ತಿನಾದ್ಯಂತ ಅದರ ಕೊರತೆ ಉಂಟಾಗಿ ಬೆಲೆ ಗಗನಕ್ಕೇರಿತು. ಅಂದಿನಿಂದ ಬೋರಾನ್-10 ಲೇಪಿಸಿದ ಪದರಗಳ ಡಿಟೆಕ್ಟರ್‌ಗಳು ಬೆಳೆದುಬಂದಿವೆ. ಒಂದು ಪದರ ಹಿಡಿಯುವ ನ್ಯೂಟ್ರಾನ್‌ಗಳು ಕೆಲವೇ ಶೇಕಡ ಆದ್ದರಿಂದ ಹಲವು ಪದರಗಳನ್ನು ಒಂದರ ಹಿಂದೊಂದು ಜೋಡಿಸಬೇಕು, ಅದರಿಂದ ಡಿಟೆಕ್ಟರ್ ದಪ್ಪವಾಗುತ್ತದೆ, ತೂಕವೂ ಹೆಚ್ಚುತ್ತದೆ. ನಿರ್ವಾತ ತೊಟ್ಟಿಯ ವ್ಯಾಸ, ಒಳಗಿನ ಹಳಿ, ಕೇಬಲ್ಲುಗಳ ದಾರಿ ಎಲ್ಲವೂ ಈ ಒಂದು ಆಯ್ಕೆಯ ಮೇಲೆ ನಿಂತಿರುವುದರಿಂದ, ತೊಟ್ಟಿಯ ಟೆಂಡರ್ ಕರೆಯುವ ಮೊದಲೇ ಡಿಟೆಕ್ಟರ್ ಯಾವುದೆಂದು ಗೊತ್ತುಮಾಡಿಕೊಂಡಿರಬೇಕು.