ಪುಸ್ತಕ ಮೇಳದಲ್ಲಿ ದುಡ್ಡು ಮಗುವಿನ ಕೈಗೆ ಕೊಡಿ

2024ರ ಡಿಸೆಂಬರ್ 20ರಿಂದ 22ರವರೆಗೆ ನಮ್ಮ ಮಂಡ್ಯದಲ್ಲಿ 87ನೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಬಾಡೂಟ ಬೇಕೋ ಬೇಡವೋ ಎಂಬ ಚರ್ಚೆಯೇ ಜಾಸ್ತಿ ಸುದ್ದಿಯಾಯಿತು, ಇರಲಿ. ಮಕ್ಕಳ ಗ್ರಂಥಾಲಯ ನೋಡಿಕೊಳ್ಳುವ ನನಗೆ ಇಂಥ ಕಡೆ ಕಣ್ಣು ಹೋಗುವುದು ಪುಸ್ತಕ ಮಳಿಗೆಗಳ ಮುಂದೆ ನಿಂತ ಮಕ್ಕಳ ಕೈಗಳ ಮೇಲೆ.

ಯಾವ ಮೇಳಕ್ಕೆ ಹೋದರೂ ಯೂನಿಫಾರ್ಮ್ ಹಾಕಿದ ಮಕ್ಕಳ ಸಾಲು ಇದ್ದೇ ಇರುತ್ತದೆ. ಹಿಂದಿನಿಂದ ಟೀಚರ್, 'ಮುಟ್ಬೇಡಿ, ನಡೀರಿ ನಡೀರಿ'. ಮುಟ್ಟದೆ ಪುಸ್ತಕ ಆರಿಸುವುದು ಹೇಗೆ? ಅಪ್ಪ-ಅಮ್ಮನ ಜೊತೆ ಬಂದ ಮಕ್ಕಳ ಕಥೆ ಇನ್ನೊಂದು ಥರ. ಮಗು ದೆವ್ವದ ಕಥೆಯನ್ನೋ ಡೈನೋಸಾರ್ ಚಿತ್ರವನ್ನೋ ಹಿಡಿದಿರುತ್ತದೆ. ಅಪ್ಪ ಅದನ್ನು ಮೆಲ್ಲಗೆ ಕಿತ್ತಿಟ್ಟು ಸಾಮಾನ್ಯ ಜ್ಞಾನದ ಪುಸ್ತಕ ಕೊಡಿಸುತ್ತಾರೆ. ಮನೆಗೆ ಹೋದ ಮೇಲೆ ಅದನ್ನು ಯಾರೂ ತೆರೆಯುವುದಿಲ್ಲ.

ಹಾಗಾಗಿ ನಾನು ಹೇಳುವುದು ಇಷ್ಟೇ: ನೂರು ರೂಪಾಯಿ ಮಗುವಿನ ಕೈಗೆ ಕೊಟ್ಟು, ನೀವು ಸ್ವಲ್ಪ ದೂರ ನಿಂತುಕೊಳ್ಳಿ. ತಾನೇ ಆರಿಸಿ, ತಾನೇ ಚಿಲ್ಲರೆ ಎಣಿಸಿ ತಂದ ಪುಸ್ತಕದ ಮೇಲೆ ಮಗುವಿಗೆ ಹಕ್ಕು ಇರುತ್ತದೆ. ತೀರಾ ಕಷ್ಟದ್ದನ್ನು ತೆಗೆದುಕೊಂಡೀತು ಅನ್ನಿಸಿದರೆ ಐದು ಬೆರಳಿನ ಲೆಕ್ಕ ಹೇಳಿಕೊಡಿ. ಒಂದು ಪುಟ ಓದುವಾಗ ಗೊತ್ತಿಲ್ಲದ ಪದ ಸಿಕ್ಕಾಗಲೆಲ್ಲ ಒಂದು ಬೆರಳು ಮಡಚಬೇಕು. ಐದೂ ಮಡಚಿದರೆ ಅದು ಸದ್ಯಕ್ಕೆ ನೀವು ಓದಿ ಹೇಳಬೇಕಾದ ಪುಸ್ತಕ. ಬೇಡ ಎನ್ನಬೇಡಿ. ಚಿಕ್ಕ ಮಕ್ಕಳು ತಾವೇ ಓದಿದ್ದಕ್ಕಿಂತ ಕೇಳಿದ್ದನ್ನು ಬೇಗ ಹಿಡಿಯುತ್ತಾರೆ.

ಮೇಳದಲ್ಲಿ ಕಥೆ ಹೇಳುವ ಮೂಲೆ ಇದ್ದರೆ ಮೊದಲು ಅಲ್ಲಿಗೆ ಹೋಗಿ. ಒಳ್ಳೆಯ ಕಥೆಗಾರರು ಪೂರ್ತಿ ಕಥೆ ಹೇಳಿ ಮುಗಿಸುವುದಿಲ್ಲ, ನಡುವೆ ನಿಲ್ಲಿಸಿ ಕೇಳುತ್ತಾರೆ. ನಾನು ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಓದುವಾಗ, ಊರಿನ ಇಲಿಗಳನ್ನೆಲ್ಲ ಹೊಳೆಗೆ ಇಳಿಸಿದ ಜೋಗಿಗೆ ಗೌಡ ಕೊಟ್ಟ ಮಾತಿಗೆ ತಪ್ಪುವ ಕಡೆ ನಿಲ್ಲಿಸಿ 'ಈಗ ಜೋಗಿ ಏನ್ ಮಾಡ್ತಾನೆ?' ಎಂದು ಕೇಳುತ್ತೇನೆ. 'ಪೊಲೀಸ್ ಕಂಪ್ಲೇಂಟ್ ಕೊಡ್ತಾನೆ' ಅನ್ನುವವರು ಯಾವಾಗಲೂ ಇರುತ್ತಾರೆ. ಒಮ್ಮೆ ಒಬ್ಬಳು ಹುಡುಗಿ, 'ಇಲಿ ಸತ್ತೇ ಇಲ್ಲ ಮಿಸ್, ಈಜ್ಕೊಂಡು ಗೌಡನ ಮನೆಗೇ ಬರ್ತವೆ' ಅಂದಳು. ಪಕ್ಕದವನು ಬಿಡಲಿಲ್ಲ. 'ಒದ್ದೆ ಇಲಿ ಮೊದಲು ಗೌಡನ ಹಾಸಿಗೆ ಮೇಲೆ ಹತ್ತುತ್ತೆ' ಅಂದ. ಅಲ್ಲಿಂದ ಮುಂದಿನ ಕಥೆ ಅವರದೇ. ಪುಸ್ತಕ ನನ್ನ ತೊಡೆಯ ಮೇಲೆ ಸುಮ್ನೆ ಇತ್ತು.

ಮೈಸೂರಿನವರಿಗೆ ರಂಗಾಯಣದ ಚಿಣ್ಣರ ಮೇಳ ಗೊತ್ತೇ ಇದೆ. ಬೇಸಿಗೆ ರಜೆಯ ಆ ಶಿಬಿರದಲ್ಲಿ ಮಕ್ಕಳು ಕಥೆಯನ್ನು ಕುಣಿದು, ಆಡಿ ಕಲಿಯುತ್ತಾರೆ. ಓದು ಬೇಡ ಎನ್ನುವ ಮಗುವನ್ನು ಮೊದಲು ಅಂಥ ಕಡೆ ಬಿಡುವುದು ಒಳ್ಳೆಯದು.

ಪುಸ್ತಕ ಮೇಳ ಮೂರು-ನಾಲ್ಕು ದಿನಕ್ಕೆ ಮುಗಿಯುತ್ತದೆ. ತಂದ ಪುಸ್ತಕ ವಾರದಲ್ಲಿ ಖಾಲಿಯಾಗುತ್ತದೆ. ಆಗ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಅರ್ಜಿಯಲ್ಲಿ ಹೆಸರನ್ನು ಮಗುವೇ ಬರೆಯಲಿ.