ಕ್ಲಾಕ್ ಕೊಟ್ಟಿರಿ, ರೀಸೆಟ್ ಬಿಟ್ಟಿರಾ?

ಕಾಸರಗೋಡಿನಲ್ಲಿ ಕೂತು ಲಿನಕ್ಸ್ ಡ್ರೈವರ್ ಕೋಡ್ (ಚಿಪ್‌ನ ಒಳಗಿನ ಬ್ಲಾಕುಗಳನ್ನು ನಡೆಸುವ ಪ್ರೋಗ್ರಾಮ್) ನೋಡಿಕೊಡುವ ನನಗೆ ಬೆಂಗಳೂರು, ಮಂಗಳೂರಿನಿಂದ ಬರುವ ಫೈಲುಗಳಲ್ಲಿ ಒಂದೇ ಎಡವಟ್ಟು ಮತ್ತೆ ಮತ್ತೆ ಕಾಣುತ್ತದೆ. ಬ್ಲಾಕಿಗೆ ಮಿಡಿತ ಕೊಡುವ ಕ್ಲಾಕ್ ಆನ್ ಮಾಡಿರುತ್ತಾರೆ, ಬ್ಲಾಕನ್ನು ತಡೆದಿಡುವ ರೀಸೆಟ್ ಮುಟ್ಟಿರುವುದೇ ಇಲ್ಲ. ಕೇಳಿದರೆ "ಅದನ್ನು ಯು-ಬೂಟ್ ನೋಡಿಕೊಳ್ಳುತ್ತದೆ ಸರ್" ಅನ್ನುತ್ತಾರೆ.

ಇಲ್ಲ, ನೋಡಿಕೊಳ್ಳುವುದಿಲ್ಲ. ಯು-ಬೂಟ್ ಅಂದರೆ ಲಿನಕ್ಸ್ ಕರ್ನಲ್‌ಗಿಂತ ಮುಂಚೆ ಓಡಿ ಅದನ್ನು ಲೋಡ್ ಮಾಡುವ ಪ್ರೋಗ್ರಾಮ್; ಅದು ತನಗೆ ಬೇಕಾದ ಬ್ಲಾಕನ್ನಷ್ಟೇ ಎಬ್ಬಿಸುತ್ತದೆ. ಉಳಿದವು ಚಿಪ್ ಆನ್ ಆದಾಗ ಹೇಗಿದ್ದವೋ ಹಾಗೇ ಇರುತ್ತವೆ. ಬಹಳಷ್ಟು ಚಿಪ್‌ಗಳಲ್ಲಿ ಅಂದರೆ ರೀಸೆಟ್‌ನಲ್ಲೇ.

ಗೊಂದಲ ಯಾಕೆ ಅಂತ ನನಗೂ ಗೊತ್ತು. ಆಲ್‌ವಿನ್ನರ್, ರಾಕ್‌ಚಿಪ್ ಕಂಪನಿಗಳ ಚಿಪ್‌ಗಳಲ್ಲಿ ಕ್ಲಾಕ್ ಮತ್ತು ರೀಸೆಟ್ ಒಂದೇ ಬ್ಲಾಕಿನಲ್ಲಿವೆ. ಲಿನಕ್ಸ್‌ನಲ್ಲಿಯೂ ಕ್ಲಾಕ್ ಡ್ರೈವರೇ ರೀಸೆಟ್ ಕಂಟ್ರೋಲರ್ ಆಗಿಯೂ ಹೆಸರು ನೋಂದಾಯಿಸುತ್ತದೆ. ಆಲ್‌ವಿನ್ನರ್ ಎಚ್6ರಲ್ಲಂತೂ ಯುಆರ್ಟ್‌ನ (ಸೀರಿಯಲ್ ಪೋರ್ಟ್ ಬ್ಲಾಕಿನ) ಗೇಟ್ ಬಿಟ್, ಅಂದರೆ ಕ್ಲಾಕ್ ಬಿಡುವ ಸ್ವಿಚ್, ಮತ್ತು ರೀಸೆಟ್ ಬಿಟ್ ಒಂದೇ ರಿಜಿಸ್ಟರಿನಲ್ಲಿವೆ. ಮನೆ ಒಂದೇ ಆದರೂ ಸ್ವಿಚ್ ಎರಡು. ಎರಡೂ ಕಡೆಯಿಂದ ಆ ರಿಜಿಸ್ಟರನ್ನು ಓದಿ ಬರೆಯುವುದರಿಂದ ಇಬ್ಬರಿಗೂ ಒಂದೇ ಸ್ಪಿನ್‌ಲಾಕ್ (ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ಕಾಯಿಸುವ ಬೀಗ) ಬೇಕು. ಅರ್ಥವೂ ಎಲ್ಲ ಕಡೆ ಒಂದೇ ಅಲ್ಲ: ಆಲ್‌ವಿನ್ನರ್‌ನಲ್ಲಿ 0 ಬರೆದರೆ ರೀಸೆಟ್, ರಾಕ್‌ಚಿಪ್‌ನಲ್ಲಿ 1 ಬರೆದರೆ ರೀಸೆಟ್.

ನಮ್ಮ ತೋಟದ ಲೆಕ್ಕದಲ್ಲಿ ಹೇಳುತ್ತೇನೆ. ಮೋಟರು ಓಡುತ್ತಿದೆ, ಗೇಟ್‌ವಾಲ್ವ್ ಮುಚ್ಚಿದೆ. ಅಡಿಕೆಗೆ ನೀರು ಹೋಗುತ್ತದಾ? ಕ್ಲಾಕ್ ಮೋಟರು, ರೀಸೆಟ್ ವಾಲ್ವು.

ಬದಿಯಡ್ಕ ಕಡೆಯ ಒಬ್ಬ ಹುಡುಗ ಪಂಪು ನಿಯಂತ್ರಿಸುವ ಬೋರ್ಡ್ ಮಾಡಿದ್ದ. ತುಂಬಾ ಶ್ರದ್ಧೆಯ ಹುಡುಗ. ಮೇಜಿನ ಮೇಲೆ ಎಲ್ಲ ಸರಿ, ತೋಟಕ್ಕೆ ಹೋದರೆ ಈಥರ್ನೆಟ್ ಇಲ್ಲ. "ಅಣ್ಣ, ಕೇಬಲ್ ಬದಲಿಸಿದೆ, ಡಿಲೇ ಜಾಸ್ತಿ ಮಾಡಿದೆ, ಏನೂ ಆಗಲಿಲ್ಲ" ಅಂದ. ಮೇಜಿನ ಮೇಲೆ ಅವನು ಕರ್ನಲನ್ನು ನೆಟ್‌ವರ್ಕ್ ಮೂಲಕ ಲೋಡ್ ಮಾಡುತ್ತಿದ್ದ. ಹಾಗಾಗಿ ಯು-ಬೂಟ್ ಈಥರ್ನೆಟ್ ಬ್ಲಾಕನ್ನು ರೀಸೆಟ್‌ನಿಂದ ಬಿಟ್ಟೇ ಕರ್ನಲ್‌ಗೆ ಒಪ್ಪಿಸುತ್ತಿತ್ತು. ತೋಟದಲ್ಲಿ ಬೂಟ್ ಇಎಂಎಂಸಿಯಿಂದ, ಅಂದರೆ ಬೋರ್ಡಿನಲ್ಲೇ ಇರುವ ಸ್ಟೋರೇಜ್ ಚಿಪ್‌ನಿಂದ. ಅಲ್ಲಿ ಈಥರ್ನೆಟ್ ಕಡೆ ಯು-ಬೂಟ್ ತಲೆ ಹಾಕುವುದೇ ಇಲ್ಲ. ಡಿವೈಸ್ ಟ್ರೀಯಲ್ಲಿ (ಬೋರ್ಡಿನಲ್ಲಿ ಏನೇನಿದೆ ಅಂತ ಕರ್ನಲ್‌ಗೆ ಹೇಳುವ ಫೈಲಿನಲ್ಲಿ) ರೀಸೆಟ್ ಸಾಲು ಸೇರಿಸಿ, ಡ್ರೈವರಿನಲ್ಲಿ ಕ್ಲಾಕ್ ಆದ ಮೇಲೆ ಡೀಅಸರ್ಟ್ (ರೀಸೆಟ್ ಬಿಡುವ ಕರೆ) ಕರೆದದ್ದೇ ತಡ, ಲಿಂಕ್ ಬಂತು. ಅರ್ಧ ಸೆಕೆಂಡಿನ ಆ ಡಿಲೇಯನ್ನು ನಾನೇ ತೆಗೆಸಿದೆ.

ಕ್ಲಾಕ್ ಮೊದಲಾ, ರೀಸೆಟ್ ಬಿಡುವುದು ಮೊದಲಾ? ತುಂಬಾ ಬ್ಲಾಕುಗಳಿಗೆ ರೀಸೆಟ್ ಬಿಡುವ ಹೊತ್ತಿಗೆ ಕ್ಲಾಕ್ ಓಡುತ್ತಿರಬೇಕು. ಆದರೆ ಇದನ್ನೇ ನಿಯಮ ಮಾಡಿಕೊಳ್ಳಬೇಡಿ. ನಿಮ್ಮ ಚಿಪ್‌ನ ಮ್ಯಾನುವಲ್‌ನಲ್ಲಿ ಏನಿದೆಯೋ ಅದೇ ಕ್ರಮ.

ನನಗೆ ನಿಜಕ್ಕೂ ಸಿಟ್ಟು ಬರುವುದು ಇನ್ನೊಂದಕ್ಕೆ. ಡಿವೈಸ್ ಟ್ರೀಯಲ್ಲಿ ಸಾಲು ಇಲ್ಲದೆ ರೀಸೆಟ್ ಕೇಳಿದರೆ ಎರರ್ ಬರುತ್ತದೆ. ಆಗ ಸುಮ್ನೆ ಆಪ್ಷನಲ್ ಕರೆಗೆ ಬದಲಿಸಿಬಿಡುತ್ತಾರೆ. ಎರರ್ ಮಾಯ. ಈಗ ಕೈಗೆ ಸಿಕ್ಕಿದ್ದು ನಲ್, ಅಂದರೆ ಖಾಲಿ. ಅದರ ಮೇಲೆ ಡೀಅಸರ್ಟ್ ಕರೆದರೆ ಏನೂ ಮಾಡದೆ ಸೊನ್ನೆ ವಾಪಸ್ ಬರುತ್ತದೆ. ಲಾಗ್ ನೋಡಿದವರು ಎಲ್ಲ ಸರಿ ಅಂದುಕೊಳ್ಳುತ್ತಾರೆ, ಅಲ್ವಾ? ರೀಸೆಟ್ ಲೈನ್ ಇಲ್ಲದ ಚಿಪ್‌ಗೂ ಅದೇ ಡ್ರೈವರ್ ಓಡಬೇಕಾದಾಗ ಮಾತ್ರ ಆಪ್ಷನಲ್ ಸರಿ.

ಒಂದೇ ಲೈನನ್ನು ಇಬ್ಬರು ಹಂಚಿಕೊಂಡಿದ್ದರೆ ಇಬ್ಬರೂ ಶೇರ್ಡ್ ಆಗಿ ಕೇಳಬೇಕು. ಆಗ ನೀವು ಅಸರ್ಟ್ (ರೀಸೆಟ್‌ಗೆ ಹಾಕುವ ಕರೆ) ಕರೆದರೂ ಇನ್ನೊಬ್ಬರೂ ಅಸರ್ಟ್ ಕರೆಯುವ ತನಕ ಲೈನ್ ಕದಲುವುದಿಲ್ಲ. ಹಾಗಾಗಿ ರಿಜಿಸ್ಟರುಗಳು ಹೊಸದಾಗಿರುತ್ತವೆ ಅಂತ ನಂಬಬೇಡಿ.

ಕೋಡ್ ಕಳಿಸುವ ಮುಂಚೆ ಹೀಗೆ ಮಾಡಿ ನೋಡಿ. ಯು-ಬೂಟ್ ಪ್ರಾಂಪ್ಟ್‌ನಲ್ಲಿ ನಿಲ್ಲಿಸಿ. ಆ ಬ್ಲಾಕಿನ ರೀಸೆಟ್ ಬಿಟ್ಟನ್ನು ಎಂಡಬ್ಲ್ಯೂ (ಮೆಮರಿಗೆ ಬರೆಯುವ) ಕಮಾಂಡಿನಿಂದ ನೀವೇ ಅಸರ್ಟ್ ಮಾಡಿ, ಆಮೇಲೆ ಕರ್ನಲ್ ಬೂಟ್ ಮಾಡಿ. ಅಲ್ಲಿ ಡಿವೈಸ್ ಎದ್ದಿತಾದರೆ ನನಗೆ ಕಳಿಸಿ.